ನಾಸಿಕ್‌ನಿಂದ ಸಂಭಾಜಿನಗರಕ್ಕೆ ಹನ್ನೆರಡು ನಿಮಿಷ?

ಹುಬ್ಬಳ್ಳಿಯ ಓದುಗರೊಬ್ಬರು ತ್ರ್ಯಂಬಕೇಶ್ವರದ ದರ್ಶನ ಮುಗಿಸಿಕೊಂಡು ಎಲ್ಲೋರದ ಪಕ್ಕದ ಘೃಷ್ಣೇಶ್ವರಕ್ಕೆ ಹೋಗುವವರಿದ್ದಾರೆ. ‘ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ವಿಮಾನದಲ್ಲಿ ಹನ್ನೆರಡೇ ನಿಮಿಷ ಅಂತ ಮೊಬೈಲ್ ತೋರಿಸ್ತದ. ರೈಲಿಗೆ ಮೂರು ತಾಸು ಯಾಕ್ರೀ?’ ಎಂಬುದು ಅವರ ಪ್ರಶ್ನೆ.

ಎರಡು ಊರುಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 160 ಕಿ.ಮೀ. ಅದನ್ನು ಜೆಟ್ ವಿಮಾನದ 800 ಕಿ.ಮೀ. ವೇಗದಿಂದ ಭಾಗಿಸಿದರೆ ಹನ್ನೆರಡು ನಿಮಿಷ ಬರುತ್ತದೆ, ನಿಜ. ಆದರೆ ಆ ವೇಗ ಸಿಗುವುದು 35 ಸಾವಿರ ಅಡಿ ಎತ್ತರದ ತೆಳು ಗಾಳಿಯಲ್ಲಿ. ಅಲ್ಲಿಗೆ ಏರುವುದಕ್ಕೇ ಇಪ್ಪತ್ತು ನಿಮಿಷ ಬೇಕು.

ಏರುವುದು ಹಾಗಿರಲಿ, ಸೋಜಿಗವಿರುವುದು ಇಳಿಯುವುದರಲ್ಲಿ. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿ.ಮೀ. ಮುಂದಕ್ಕೆ ಸಾಗಬೇಕೆಂಬುದು ಪೈಲಟ್‌ಗಳ ಬಾಯಿಲೆಕ್ಕ. 35 ಸಾವಿರ ಅಡಿಗೆ 190 ಕಿ.ಮೀ. ದಾಟಿತಲ್ಲ! ಸಂಭಾಜಿನಗರದ ಚಿಕಲ್‌ಠಾಣಾ ನಿಲ್ದಾಣದಲ್ಲಿ ಇಳಿಯಬೇಕಾದ ಜೆಟ್ಟು, ನಾಸಿಕ್‌ಗಿಂತಲೂ ಮೂವತ್ತು ಕಿ.ಮೀ. ಪಶ್ಚಿಮಕ್ಕೆ, ಸಹ್ಯಾದ್ರಿಯ ಮೇಲಿರುವಾಗಲೇ ಇಳಿಯತೊಡಗಬೇಕು. ಹೊರಡುವ ಊರು ಬರುವ ಮೊದಲೇ ಇಳಿತ ಶುರು!

ಮೂತಿ ಕೆಳಗೆ ಮಾಡಿ ನೇರ ಧುಮುಕಬಾರದೇ? ಧುಮುಕಿದರೆ ವೇಗ ಮಿತಿಮೀರುತ್ತದೆ. ಹತ್ತು ಸಾವಿರ ಅಡಿಯ ಕೆಳಗೆ ಗಂಟೆಗೆ ಸುಮಾರು 460 ಕಿ.ಮೀ. ಮೀರಬಾರದೆಂಬ ನಿಯಮ ಬೇರೆ ಇದೆ. ಆದ್ದರಿಂದ ಪೈಲಟ್ ಎಂಜಿನ್ನುಗಳನ್ನು ಬಹುಪಾಲು ಸುಮ್ಮನಾಗಿಸಿ, ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸೈಕಲ್ ಬಿಟ್ಟಂತೆ ವಿಮಾನವನ್ನು ಜಾರಿಬಿಡುತ್ತಾನೆ. ಸದ್ದು ತಗ್ಗಿದ್ದೇ ತಡ, ‘ಎಂಜಿನ್ ಕೈಕೊಟ್ಟಿತು’ ಎಂದು ಸೀಟಿನ ಕೈ ಹಿಡಿದು ದೇವರನ್ನು ನೆನೆಯುವವರನ್ನು ಕಂಡಿದ್ದೇನೆ. ಅವರು ಹೆದರಿದ ಆ ಹೊತ್ತೇ ಪಯಣದ ಅತಿ ಮಿತವ್ಯಯದ ಹೊತ್ತು. ಏರುವಾಗ ಸುಟ್ಟ ಇಂಧನದ ಒಂದು ಪಾಲು ಎತ್ತರದ ರೂಪದಲ್ಲಿ ಕೂಡಿಟ್ಟಿದ್ದು ಆಗ ವಾಪಸು ಸಿಗುತ್ತಿರುತ್ತದೆ.

ಇಷ್ಟು ಕಿರುದಾರಿಗೆ ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನವೇ ಲೇಸು. ಅದಕ್ಕೂ ಅರ್ಧ ಗಂಟೆ ಬೇಕು. ಸ್ಕಾಟ್ಲೆಂಡಿನ ಓರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ, ಬರೀ 2.7 ಕಿ.ಮೀ.ಗೆ, ವಿಮಾನವಿದೆ. ಎರಡು ನಿಮಿಷದ ಹಾರಾಟ. ಪುಟ್ಟ ವಿಮಾನ ಮೇಲೇರುವ ಗೊಡವೆಗೇ ಹೋಗುವುದಿಲ್ಲ.

ನಾಸಿಕ್–ಸಂಭಾಜಿನಗರದ ದೂರವನ್ನು ದಿನವೂ ಆರೇ ನಿಮಿಷದಲ್ಲಿ ಮುಗಿಸುವವನೊಬ್ಬನಿದ್ದಾನೆ. ಸೂರ್ಯ! ರೇಖಾಂಶದಲ್ಲಿ ಒಂದೂವರೆ ಡಿಗ್ರಿ ಅಂತರವಿರುವುದರಿಂದ ಸಂಭಾಜಿನಗರದ ಸೂರ್ಯೋದಯ ಅಷ್ಟು ಮುಂಚೆ. ಹಾಗಾದರೆ ಸೂರ್ಯೋದಯದಿಂದ ಲೆಕ್ಕ ಹಾಕುವ ರಾಹುಕಾಲ? ಬೆಂಗಳೂರಿನ ಕ್ಯಾಲೆಂಡರ್ ನೋಡಿ ನಾಸಿಕ್‌ನಲ್ಲಿ ಟಿಕೆಟ್ ಬದಲಿಸುವವರು ಯಾವ ಊರಿನ ರಾಹುವನ್ನು ತಪ್ಪಿಸುತ್ತಾರೋ! ಅವರು ವಿಚಾರಿಸಬೇಕಾದದ್ದು ಮಂಜು, ಮೋಡ, ಗುಡುಗನ್ನು.

ಇನ್ನು ಹುಬ್ಬಳ್ಳಿಯವರ ಮಾತು. ನಾಸಿಕ್‌ನ ವಿಮಾನ ನಿಲ್ದಾಣವಿರುವುದು ಊರಿನಿಂದ ಸುಮಾರು ಇಪ್ಪತ್ತು ಕಿ.ಮೀ. ಆಚೆ, ಓಝರ್‌ನಲ್ಲಿ. ನಮ್ಮ ಬೆಂಗಳೂರಿನ ಎಚ್‌ಎಎಲ್ ಸುಖೋಯ್-30 ಯುದ್ಧವಿಮಾನಗಳನ್ನು ಜೋಡಿಸಿದ ಜಾಗವದು. ಅಲ್ಲಿಗೆ ಹೋಗಿ, ತಪಾಸಣೆಗೆ ನಿಂತು, ಹಾರಿ, ಇಳಿದು, ಬ್ಯಾಗಿಗೆ ಕಾಯುವಷ್ಟರಲ್ಲಿ ಮೂರು ತಾಸು ಹೇಗೂ ಆಗುತ್ತದೆ. ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಮನಮಾಡ ಮೇಲೆ ಹೋಗುವ ರೈಲು ಹತ್ತಿಬಿಡಿ. ಉಳಿದ ದುಡ್ಡಿನಲ್ಲಿ ಒಂದು ದಿನ ಹೆಚ್ಚು ನಿಂತು, ರಾಷ್ಟ್ರಕೂಟರ ಕೃಷ್ಣ ಕಡೆಸಿದ ಕೈಲಾಸ ದೇಗುಲವನ್ನು ಎಲ್ಲೋರದಲ್ಲಿ ಸಾವಕಾಶವಾಗಿ ನೋಡಿ.