ಕಾವಲಿನ ಕಣ್ಣೂ ನಿರಪರಾಧಿಯ ಅಳುಕೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಿರಿಯರು ಮಕ್ಕಳ ನೌಕರಿಯ ನಿಮಿತ್ತ ಬೆಂಗಳೂರಿಗೆ ಹೋಗಿಬರುವುದು ಈಗ ಸಾಮಾನ್ಯವಾಗಿದೆ. ಅಲ್ಲಿ ಮಕ್ಕಳು ಅವರನ್ನು ಅಕ್ಕರೆಯಿಂದ ಮಾಲ್‌ಗಳಿಗೆ ಕರೆದೊಯ್ಯುತ್ತಾರೆ. ಬಾಗಿಲಲ್ಲಿ ಸಮವಸ್ತ್ರ ಧರಿಸಿದ ಕಾವಲುಗಾರನು ಚೀಲ ತೆರೆಯಿಸಿ, ಆಪಾದಮಸ್ತಕ ನೋಡುತ್ತಾನೆ. ಪರರ ಕಡ್ಡಿಯನ್ನೂ ಮುಟ್ಟದ ಜೀವಕ್ಕೆ ಆ ಕ್ಷಣ ತಾನೇನೋ ತಪ್ಪು ಮಾಡಿದೆನೆಂಬ ಅಳುಕುಂಟಾಗುತ್ತದೆ. ಏನನ್ನೂ ಕೊಳ್ಳದೆ ಬರಿಗೈಯಲ್ಲಿ ಹೊರಬರುವಾಗ ಅದು ಇಮ್ಮಡಿಸುತ್ತದೆ. ಇದರ ಮೂಲವೇನೆಂಬುದು ವಿಚಾರಣೀಯವಾಗಿದೆ.

ನಮ್ಮ ಪೇಟೆಯ ಕಿರಾಣಿ ಅಂಗಡಿಯಲ್ಲಿ ಸರಕು ವರ್ತಕನ ಬೆನ್ನ ಹಿಂದಿರುತ್ತದೆ. "ಬರ್ರಿ ಕಾಕಾ, ಏನ್ ಬೇಕಾಗಿತ್ರಿ?" ಎಂದು ವಿಚಾರಿಸಿ ಅವನೇ ತೂಗಿ ಕೊಡುತ್ತಾನೆ. ಅಲ್ಲಿ ಪರಿಚಯವೇ ಕಾವಲು. ಮಾಲ್‌ನಲ್ಲಾದರೋ ಸರಕೆಲ್ಲವೂ ಕೈಗೆಟಕುವಂತೆ ತೆರೆದಿರುತ್ತದೆ, ಬರುವವರೆಲ್ಲ ಅಪರಿಚಿತರು. ಆದುದರಿಂದಲೇ ಗೋಡೆಯ ಮೇಲೆ ಕ್ಯಾಮೆರಾ, ಹೊರಡುವಾಗ ರಸೀದಿಯ ತಪಾಸಣೆ. 2008ರ ಮುಂಬಯಿ ದಾಳಿಯ ತರುವಾಯವಂತೂ ಬಾಗಿಲ ತಪಾಸಣೆ ಮತ್ತಷ್ಟು ಬಿಗಿಯಾಯಿತು. ಈ ನೋಟವು ಸರಕಿನ ರಕ್ಷಣೆಗಾಗಿ ಇರುವುದೇ ಹೊರತು ನಮ್ಮ ಶೀಲದ ಮೇಲಿನ ತೀರ್ಪಲ್ಲ. ಇಷ್ಟನ್ನರಿತರೆ ಅಳುಕು ಅರ್ಧದಷ್ಟು ಕರಗುತ್ತದೆ.

ಆದರೆ ನೋಟವು ಚೀಲದಿಂದ ಉಡುಪಿಗೆ ಹೊರಳಿದಾಗ ಅನ್ಯಾಯ ಆರಂಭವಾಗುತ್ತದೆ. 2024ರ ಜುಲೈ 16ರಂದು ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ತಡೆಯಲಾಯಿತು. ಮಗನೊಡನೆ ಚಲನಚಿತ್ರ ನೋಡಲು ಬಂದಿದ್ದ ಅವರಲ್ಲಿ ಟಿಕೆಟ್ ಇದ್ದಿತು. ವಿಷಯವು ವಿಧಾನಸಭೆಯಲ್ಲಿ ಪ್ರಸ್ತಾಪವಾಗಿ, ಮಾಲ್ ಅನ್ನು 7 ದಿನ ಮುಚ್ಚಿಸುವುದಾಗಿ ಸರ್ಕಾರವು ಪ್ರಕಟಿಸಿತು. ಅದೇ ವರ್ಷದ ಫೆಬ್ರುವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ, ಬಟ್ಟೆ ಮಾಸಿದೆಯೆಂದು ತಲೆಯ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ತಡೆದಾಗ ಸಹಪ್ರಯಾಣಿಕರೇ ಮುಂದೆ ಬಂದು ಪ್ರಶ್ನಿಸಿದರು. ನೆರೆಯ ತಮಿಳುನಾಡಿನಲ್ಲಿ ಪಂಚೆಯನ್ನು ನಿಷೇಧಿಸುವ ಕ್ಲಬ್ಬುಗಳ ವಿರುದ್ಧ 2014ರಲ್ಲಿ ಕಾಯ್ದೆಯನ್ನೇ ಮಾಡಲಾಯಿತು.

ಇಂಡಿಯ ನಿಂಬೆ, ಸಿಂದಗಿಯ ತೊಗರಿ ಪಟ್ಟಣದ ಅಂಗಡಿಗಳನ್ನು ಯಾವ ತಡೆಯೂ ಇಲ್ಲದೆ ಪ್ರವೇಶಿಸುತ್ತವೆ. ಅವುಗಳನ್ನು ಬೆಳೆದವನ ಧೋತರ, ರುಮಾಲು ಮಾತ್ರ ಅನುಮಾನಾಸ್ಪದವಾಗುವುದು ಎಂಥ ವಿಪರ್ಯಾಸ!

ಆದರೂ ನಮ್ಮ ಸಿಟ್ಟು ಕಾವಲುಗಾರನ ಮೇಲೆ ತಿರುಗಬಾರದು. ಅವನೂ ಬಹುಮಟ್ಟಿಗೆ ಮಳೆ ಕೈಕೊಟ್ಟ ಯಾವುದೋ ಹಳ್ಳಿಯಿಂದ ಹೊಟ್ಟೆಪಾಡಿಗೆ ಬಂದವನು. ದಿನವಿಡೀ ನಿಂತು ದುಡಿಯುವವನು. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯು ಅವನಿಗೆ ತರಬೇತಿಯನ್ನು ಕಡ್ಡಾಯಗೊಳಿಸಿದೆ. ಅವನಿಗೆ ವಿನಯವನ್ನು ಕಲಿಸುವ ಹೊಣೆ ಅವನನ್ನು ನಿಯಮಿಸಿದವರದು. ಆದುದರಿಂದ ಪ್ರವೇಶ ನಿರಾಕರಿಸಿದರೆ ಅವನೊಡನೆ ಜಗಳಕ್ಕಿಳಿಯದೆ, ಆ ನಿಯಮವನ್ನು ಬರಹದಲ್ಲಿ ತೋರಿಸಿರೆಂದು ವ್ಯವಸ್ಥಾಪಕರನ್ನು ಶಾಂತವಾಗಿ ಕೇಳಬೇಕು.

ಮಕ್ಕಳಿಗೂ ಒಂದು ಮಾತು: ತಂದೆತಾಯಿಗಳನ್ನು ಕರೆದೊಯ್ಯುವಾಗ "ಧೋತರ ಬ್ಯಾಡಪ್ಪಾ, ಪ್ಯಾಂಟ್ ಹಾಕ್ಕೋ" ಎನ್ನದಿರಿ. ಹಾಗೆಂದಾಗ ಮೊದಲ ಕಾವಲುಗಾರರು ನೀವೇ ಆಗುತ್ತೀರಿ.

ಪಶ್ಚಾತ್ತಾಪವು ತಪ್ಪು ಮಾಡಿದವನಿಗೆ ಭೂಷಣ. ಮಾಡದವನಿಗೆ ಅದು ವೃಥಾ ಭಾರ. ಅಂತಃಸಾಕ್ಷಿಯು ನಿರ್ಮಲವಾಗಿದ್ದವರು ಚೀಲವನ್ನು ತೆರೆದು ತೋರಿಸಲಿ, ತಲೆಯನ್ನು ತಗ್ಗಿಸಬೇಕಾದುದಿಲ್ಲ.