ಬಕೆಟ್ ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಸಾಕೇ?

ಈ ಸಂಚಿಕೆ ಅಕ್ವೇರಿಯಂ ನೀರಿನ ಬಗ್ಗೆ. ಶುರು ಮಾಡೋದು ನಮ್ಮದೇ ಒಂದು ತಪ್ಪಿನಿಂದ.

ಊರಲ್ಲಿ ಕಲಿತದ್ದು ಇಷ್ಟು: ನಲ್ಲಿ ನೀರನ್ನು ಬಕೆಟ್‌ಗೆ ಹಿಡಿದು ರಾತ್ರಿಯಿಡೀ ತೆರೆದಿಡಿ, ಕ್ಲೋರಿನ್ ಹಾರಿಹೋಗುತ್ತೆ. ಅಮೆರಿಕಕ್ಕೆ ಬಂದ ಹೊಸತರಲ್ಲಿ ಅದನ್ನೇ ಮಾಡಿದೆವು. ಸಂಜೆಯೊಳಗೆ ಆರು ಮೀನುಗಳಲ್ಲಿ ನಾಲ್ಕು ಸತ್ತಿದ್ದವು. ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಬೇರೆ!

ಇಲ್ಲಿನ ಹಲವು ನಗರಗಳ ನೀರಲ್ಲಿರೋದು ಬರೀ ಕ್ಲೋರಿನ್ ಅಲ್ಲ, ಅದಕ್ಕೆ ಅಮೋನಿಯಾ ಸೇರಿಸಿದ ಕ್ಲೋರಮಿನ್. ಸ್ಯಾನ್ ಫ್ರಾನ್ಸಿಸ್ಕೋ 2004ರಲ್ಲಿ ಇದಕ್ಕೆ ಬದಲಾಯಿತು. ಕೊಳವೆಯಲ್ಲಿ ದೂರದವರೆಗೂ ಉಳಿಯಲಿ ಅಂತಲೇ ಆರಿಸಿದ್ದು; ಅಂಥದ್ದು ಒಂದು ರಾತ್ರಿಗೆ ಬಕೆಟ್ ಬಿಟ್ಟು ಹೋಗುತ್ತದೆಯೇ? ಕಿವಿರುಗಳ ಮೂಲಕ ರಕ್ತಕ್ಕಿಳಿದು, ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾಗದಂತೆ ಮಾಡುತ್ತದೆ. ಥಯೋಸಲ್ಫೇಟ್ ಹಾಕಿದರೆ ಕ್ಲೋರಿನ್ ಭಾಗ ಮುರಿಯುತ್ತದೆ, ಅಮೋನಿಯಾ ಉಳಿಯುತ್ತದೆ.

ಆ ಅಮೋನಿಯಾ ಯಾರ ಪಾಲು? ಮೀನು ಸಾಕುವವರ ಜಗಳ ಇರೋದೇ ಇಲ್ಲಿ.

ಒಂದು ಪಕ್ಷ ಹೇಳೋದು: ಫಿಲ್ಟರ್‌ನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ; ನೀವು ವಾರವಾರ ಸ್ವಲ್ಪ ನೀರು ಬದಲಿಸಿ. ಇನ್ನೊಂದು ಪಕ್ಷದ ಗುರು ಡಯಾನಾ ವಾಲ್‌ಸ್ಟಡ್. 1999ರ ತಮ್ಮ ಪುಸ್ತಕದಲ್ಲಿ ಅವರು ಹೇಳಿದ್ದು ತಳಕ್ಕೆ ಮಣ್ಣು, ಮೇಲೆ ಒತ್ತಾಗಿ ಗಿಡ, ಅಪರೂಪಕ್ಕೆ ನೀರು ಬದಲಾವಣೆ. ಅನೇಕ ಜಲಸಸ್ಯಗಳು ನೈಟ್ರೇಟ್‌ಗಿಂತ ಅಮೋನಿಯಂ ಅನ್ನೇ ಮೊದಲು ಹೀರುತ್ತವೆ ಅನ್ನೋದು ಅವರ ವಾದದ ಬೆನ್ನೆಲುಬು, ಮತ್ತು ಅದು ಗಟ್ಟಿ ವಾದ.

ಫಿಲ್ಟರ್ ಪಕ್ಷದವರು ದಶಕಗಳ ಕಾಲ ನೈಟ್ರೊಬ್ಯಾಕ್ಟರ್ ಹೆಸರನ್ನೇ ಜಪಿಸಿದರು. 1998ರಲ್ಲಿ ನೋಡಿದರೆ ಅಕ್ವೇರಿಯಂನಲ್ಲಿ ನೈಟ್ರೈಟ್ ಕೆಲಸ ಮಾಡ್ತಿದ್ದದ್ದು ನೈಟ್ರೊಸ್ಪೈರಾ! 2015ರಲ್ಲಂತೂ ಎರಡೂ ಹಂತಗಳನ್ನು ಒಂದೇ ಜೀವಿ ಮುಗಿಸಬಲ್ಲದು ಅಂತ ಗೊತ್ತಾಯಿತು. ಅಂಥ ನೈಟ್ರೊಸ್ಪೈರಾ ಸಿಕ್ಕ ಜಾಗಗಳಲ್ಲಿ ಮೀನು ಸಾಕಣೆಯ ಫಿಲ್ಟರೂ ಒಂದು. ವಿವರಣೆ ತಪ್ಪಿದ್ದರೂ ಫಿಲ್ಟರ್ ಮಾತ್ರ ಅಷ್ಟೂ ದಿನ ಕೆಲಸ ಮಾಡುತ್ತಲೇ ಇತ್ತು.

ನಾವು ಯಾವ ಕಡೆ? ಮೀನು ಕಡಿಮೆ, ಗಿಡ ಹೆಚ್ಚು ಇದ್ದರೆ ವಾಲ್‌ಸ್ಟಡ್ ಕಡೆ. ಆದರೆ ಹೊಸ ಮಣ್ಣೇ ಮೊದಮೊದಲು ಅಮೋನಿಯಾ ಬಿಡುತ್ತದೆ, ಗಿಡ ಬೇರೂರಲು ವಾರಗಳು ಬೇಕು. ಪಿಎಚ್ ಕೂಡ ನೋಡಬೇಕು: 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ 1ಕ್ಕಿಂತ ಕಡಿಮೆ ವಿಷಕಾರಿ ರೂಪದಲ್ಲಿರುತ್ತದೆ, 8 ಆದರೆ ಸುಮಾರು ಶೇ 5. ಮೊದಲ ತಿಂಗಳು ಟೆಸ್ಟ್ ಕಿಟ್ ಇಲ್ಲದೆ ಈ ಸಾಹಸ ಬೇಡ.

ನಮ್ಮ ಮನೆಯಲ್ಲೀಗ ತಳದಲ್ಲಿ ಮಣ್ಣು, ಮೂಲೆಯಲ್ಲಿ ಸಣ್ಣ ಫಿಲ್ಟರ್. ಎರಡೂ ಪಕ್ಷದವರಿಂದ ಬೈಗುಳ. ಬಕೆಟ್ ಕೂಡ ಇದೆ, ಚಳಿಗಾಲದ ನಲ್ಲಿ ನೀರು ಮನೆಯ ಬಿಸಿಗೆ ಬರಲಿ ಅಂತ.