ಇಂಟರ್‌ನೆಟ್ಟಿನಲ್ಲಿ ಗಾಡಿ ಎಣಿಸುವವರು

ನಮ್ಮೂರ ಕ್ರಾಸಿನಲ್ಲಿ ಇಬ್ಬರು ಹುಣಸೆಮರದ ಕೆಳಗೆ ಕೂತು, ಬಸ್ಸು, ಲಾರಿ, ಟ್ರ್ಯಾಕ್ಟರ್ ಹೋದಂತೆಲ್ಲ ಹಾಳೆಯಲ್ಲಿ ಗೀಟು ಎಳೆಯುತ್ತಿದ್ದುದನ್ನು ನೀವೂ ನೋಡಿರಬಹುದು. ಏಳು ದಿನ ಎಣಿಸಿದರು. "ಒಂದೇ ದಿನ ಎಣಿಸಿದ್ರೆ ಸಾಲಲ್ವಾ ಅಣ್ಣ?" ಎಂದು ಕೇಳಿದೆ. "ಅವತ್ತು ಜಾತ್ರೆ ಇದ್ರೆ ಏನ್ ಮಾಡ್ತೀಯಾ?" ಅಂದರು. ಇಂಟರ್‌ನೆಟ್ಟಿನಲ್ಲೂ ಹೀಗೆ ಎಣಿಸುವವರು ಇದ್ದಾರೆ.

ನಾವು ಮೊಬೈಲಿನಲ್ಲಿ ಒಂದು ಫೋಟೋ ಕಳಿಸಿದರೆ ಅದು ಇಡಿಯಾಗಿ ಹೋಗುವುದಿಲ್ಲ, ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಇವಕ್ಕೆ ಪ್ಯಾಕೆಟ್ ಎನ್ನುತ್ತಾರೆ. ತಲುಪಿದ ಮೇಲೆ ಆ ಕಡೆಯ ಯಂತ್ರ 'ಬಂತು' ಎಂದು ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಈ ಕಡೆಯದು ಮತ್ತೆ ಕಳಿಸುತ್ತದೆ. ಹೀಗೆ ಮಾಡುವ ಒಂದು ನಿಯಮದ ಹೆಸರು ಟಿ.ಸಿ.ಪಿ.

1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ದೊಡ್ಡ ಫಜೀತಿ ಆಯಿತು. ಅಲ್ಲಿನ ಪ್ರಯೋಗಾಲಯಕ್ಕೂ ವಿಶ್ವವಿದ್ಯಾಲಯಕ್ಕೂ ಬರೀ 400 ಗಜ ದೂರ. ಸೆಕೆಂಡಿಗೆ 32,000 ಬಿಟ್ ಹೋಗುತ್ತಿದ್ದ ದಾರಿಯಲ್ಲಿ 40 ಬಿಟ್ ಮಾತ್ರ ಹೋಗತೊಡಗಿತು! ನಾನು ಲೆಕ್ಕ ಮಾಡಿ ನೋಡಿದೆ. 800 ಪಟ್ಟು ಕಡಿಮೆ. ಅಂದರೆ ಒಂದು ನಿಮಿಷದ ಕೆಲಸಕ್ಕೆ 13 ಗಂಟೆ 20 ನಿಮಿಷ ಬೇಕು. ನಡೆದುಕೊಂಡು ಹೋಗಿ ಕೊಟ್ಟು ಬರುವುದೇ ವಾಸಿ. ತಂತಿಯೇನೂ ತುಂಡಾಗಿರಲಿಲ್ಲ. ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿ ಯಾವ ಪ್ಯಾಕೆಟ್ ಎಷ್ಟು ಹೊತ್ತಿಗೆ ಹೊರಟಿತು ಎಂದು ದಾಖಲಿಸಿ ನೋಡಿದರು. ಉತ್ತರ ಸ್ವಲ್ಪ ತಡವಾದರೆ ಕಂಪ್ಯೂಟರುಗಳು ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದವು. ಸಂತೆ ಬಸ್ಸಿನ ಬಾಗಿಲಲ್ಲಿ ಎಲ್ಲರೂ ನುಗ್ಗಿದರೆ ಯಾರೂ ಹತ್ತೋಕಾಗಲ್ಲ, ಹಾಗೆ. ಅವರೂ ಮೈಕೆಲ್ ಕರೆಲ್ಸ್ ಎಂಬವರೂ ಟಿ.ಸಿ.ಪಿ.ಯನ್ನು ತಿದ್ದಿದರು. ಮೊದಲು ಸ್ವಲ್ಪವೇ ಕಳಿಸಬೇಕು, ಉತ್ತರ ಬಂದ ಹಾಗೆ ಹೆಚ್ಚಿಸಬೇಕು, ಪ್ಯಾಕೆಟ್ ಕಳೆದುಹೋದರೆ ಕೂಡಲೇ ತಗ್ಗಿಸಬೇಕು. ಇದು 1988ರಲ್ಲಿ ಪ್ರಕಟವಾಯಿತು.

ಆದರೆ ಫಜೀತಿ ಆದಾಗ ಮಾತ್ರ ಅಳೆದರೆ, ಮಾಮೂಲು ದಿನ ಹೇಗಿರುತ್ತದೆ ಎಂದು ಗೊತ್ತಾಗುವುದು ಹೇಗೆ? ಜಪಾನಿನಲ್ಲಿ ವೈಡ್ ಎಂಬ ಸಂಸ್ಥೆಯವರು ದಿನಾ ಮಧ್ಯಾಹ್ನ 2 ಗಂಟೆಯಿಂದ 15 ನಿಮಿಷ ಪ್ಯಾಕೆಟ್‌ಗಳನ್ನು ದಾಖಲಿಸಿ, ವರ್ಷಗಟ್ಟಲೆ ಕೂಡಿಟ್ಟಿದ್ದಾರೆ. ಒಳಗೆ ಏನಿತ್ತು ಎಂದು ಇಟ್ಟುಕೊಳ್ಳುವುದಿಲ್ಲ, ವಿಳಾಸವನ್ನೂ ಬದಲಿಸುತ್ತಾರೆ. ಕ್ರಾಸಿನ ಅಣ್ಣಂದಿರು ಬಸ್ಸಿನೊಳಗೆ ಯಾರಿದ್ದಾರೆ ಎಂದು ಕೇಳಲಿಲ್ಲವಲ್ಲ.

2001ರಿಂದ ಏಳು ವರ್ಷದ ದಾಖಲೆಯನ್ನು ಜೋಡಿಸಿ ನೋಡಿದಾಗ ಒಂದು ವಿಷಯ ಕಂಡಿತು. 2004ರಲ್ಲಿ ಸಾಸರ್ ಎಂಬ ಕಂಪ್ಯೂಟರ್ ಹುಳು ಹರಡಿತು. (ಇದು ನಿಜವಾದ ಹುಳು ಅಲ್ಲ, ತಾನಾಗಿ ಹರಡುವ ಕೆಟ್ಟ ಪ್ರೋಗ್ರಾಂ.) ಅದು ಸಿಕ್ಕ ಸಿಕ್ಕ ಕಂಪ್ಯೂಟರಿನ ಬಾಗಿಲು ತಟ್ಟಿ ಕಳಿಸಿದ ಸಣ್ಣ ಪ್ಯಾಕೆಟ್‌ಗಳು ಲೆಕ್ಕವನ್ನೇ ಕೆಡಿಸಿದ್ದವು. ಆಗಿನ ಒಂದು ದಿನವನ್ನು ಮಾತ್ರ ಎಣಿಸಿದವರಿಗೆ ಅದು ಜಾತ್ರೆಯ ದಿನ ಎಂದು ಗೊತ್ತೇ ಆಗುತ್ತಿರಲಿಲ್ಲ.